ಅರ್ಧ ನೆಂದ ಚಿತ್ರಗಳನ್ನ ಪೂರ್ತಿ ನೆನೆಸಿದ ಕಥೆ

ಜನವರಿ ಹತ್ರ ಬಂತು ಅಂದ್ರೆ ನಮ್ಮ ತುಮಕೂರಲ್ಲಿ ಚಿತ್ರ ಬರೆಯೋರಿಗೆಲ್ಲಾ ಒಂದೇ ಮಾತು, ಚಿತ್ರಸಂತೆಗೆ ಸ್ಟಾಲ್ ಸಿಕ್ತಾ, ಯಾವ ಕಡೆ ಬಂತು, ಗಾಡಿ ಶೇರ್ ಮಾಡೋಣ್ವಾ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ವರ್ಷಕ್ಕೊಂದು ಭಾನುವಾರ ಕುಮಾರಕೃಪಾ ರಸ್ತೇಲಿ ಈ ಸಂತೆ ಮಾಡ್ತಾರೆ, ಅವತ್ತು ಅಲ್ಲಿ ಗಾಡಿ ಓಡಾಟ ಬಂದ್, ರಸ್ತೆ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಜನ ಚಿತ್ರ ನೇತುಹಾಕ್ಕೊಂಡು ಕೂತಿರ್ತಾರೆ, ಮನೆಗೊಂದು ಕಲಾಕೃತಿ ಅನ್ನೋದು ಅದರ ಘೋಷಣೆ. ಗ್ಯಾಲರಿ ಬಾಗಿಲು ತಳ್ಳೋಕೆ ಮುಜುಗರ ಪಡೋ ಜನಾನೂ ಅಲ್ಲಿ ಕಡ್ಲೆಕಾಯಿ ತಿನ್ಕೊಂಡು ಬಂದು ಆರಾಮಾಗಿ ರೇಟ್ ಕೇಳ್ತಾರೆ. ನಾನು ಮನೇಲಿ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ತಗೋತೀನಿ, ಉಳಿದ ಟೈಮಲ್ಲಿ ವಾಟರ್‌ಕಲರ್. ವರ್ಷದ ವ್ಯಾಪಾರದಲ್ಲಿ ದೊಡ್ಡ ಪಾಲು ಆ ಒಂದು ಭಾನುವಾರಾನೇ.

ಆ ಸಲ ನಾನು ರೆಡಿ ಮಾಡಿದ್ದು ಪೂರ್ತಿ ನಮ್ಮ ಜಿಲ್ಲೆ ಜಾಗಗಳು. ಮಧುಗಿರಿ ಬೆಟ್ಟ, ದೇವರಾಯನದುರ್ಗಕ್ಕೆ ಹತ್ತೋ ರಸ್ತೆ, ಸಿದ್ಧಗಂಗೆ ಜಾತ್ರೇಲಿ ಸೇರೋ ದನಗಳು, ಶಿರಾದ ಮಲಿಕ್ ರಿಹಾನ್ ದರ್ಗಾ, ಕೈದಾಳದ ಚೆನ್ನಕೇಶವನ ಗುಡಿ, ತಿಪಟೂರು ಕಡೆ ತೆಂಗಿನ ತೋಟ, ಅಮಾನಿಕೆರೆ ಏರಿ ಮೇಲಿನ ಸಂಜೆ. ಮುಕ್ಕಾಲು ಪಾಲು 300 ಜಿಎಸ್‌ಎಂ ದಪ್ಪ ಕಾಟನ್ ಪೇಪರ್ ಮೇಲೆ, ಚಿಕ್ಕವು ಮಾತ್ರ ಕಮ್ಮಿ ರೇಟಿಗೆ ಕೊಡೋಣ ಅಂತ ಮಾಮೂಲಿ ಕಾರ್ಟ್ರಿಡ್ಜ್ ಡ್ರಾಯಿಂಗ್ ಹಾಳೇಲಿ ಮಾಡಿದ್ದು. ಎಲ್ಲಕ್ಕೂ ಮೌಂಟ್, ಅಂದ್ರೆ ಚಿತ್ರದ ಸುತ್ತ ಕೂರಿಸೋ ದಪ್ಪ ರಟ್ಟಿನ ಚೌಕಟ್ಟು, ಹಾಕಿ, ಪ್ಲಾಸ್ಟಿಕ್ ಕವರ್‌ಗೆ ಸೇರಿಸಿ, ಬೆಲೆ ಚೀಟಿ ಅಂಟಿಸಿ, ಮುಂದಿನ ರೂಮಿನ ಟೇಬಲ್ ಮೇಲೆ ಪೇರಿಸಿ ಆಗಿತ್ತು. ಭಾನುವಾರ ಸಂತೆ, ಅವತ್ತು ಶುಕ್ರವಾರ ರಾತ್ರಿ.

ನಮ್ದು ಎಸ್.ಎಸ್. ಪುರಂ ಕಡೆ ಬಾಡಿಗೆ ಮನೆ, ಕೆಳಗಡೆದು. ನಮ್ಮ ಮುಂದಿನ ರೂಮಿನ ಸೂರು ಅಂದ್ರೆ ಮೇಲಿನ ಮನೆಯವರ ಓಪನ್ ಬಾಲ್ಕನಿ, ನೀರಿನ ಟ್ಯಾಂಕ್ ಕೂತಿರೋದೂ ಅಲ್ಲೇ. ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ನಮ್ಮ ಬೀದಿಗೆ ಬಿಡೋದು ರಾತ್ರಿ ಹೊತ್ತು, ಮೇಲಿನವರು ಸಂಪ್ ತುಂಬಿದ ಖುಷೀಲಿ ಮೋಟರ್ ಹಾಕಿದಾರೆ, ಹಾಕಿ ಹಂಗೇ ನಿದ್ದೆ ಹೋಗಿದಾರೆ. ಟ್ಯಾಂಕ್ ತುಂಬಿ ಚೆಲ್ಲಿದೆ, ಬಾಲ್ಕನಿ ತೂತಿಗೆ ಹೊಂಗೆ ಎಲೆ ಕಟ್ಕೊಂಡಿದೆ, ನೀರು ನಿಂತು ನಿಂತು ಎಲ್ಲಿ ದಾರಿ ಸಿಗುತ್ತೆ ಅಂತ ಹುಡುಕಿ ಸ್ಲ್ಯಾಬ್ ಒಳಗಿರೋ ಕರೆಂಟ್ ಪೈಪಿಗೆ ಇಳಿದಿದೆ. ಅಲ್ಲಿಂದ ಸೀದಾ ಫ್ಯಾನ್ ಹುಕ್ಕಿಗೆ. ಫ್ಯಾನ್ ಕೆಳಗೆ ಟೇಬಲ್ಲು.

ಸದ್ದಿಗೆ ಎಚ್ಚರ ಆಗಿ ನಾನು ರೂಮಿನ ಲೈಟ್ ಹಾಕೋಕೆ ಕೈ ಚಾಚಿದೆ, ನಮ್ಮ ಯಜಮಾನ್ರು ಹಿಂದಿನಿಂದ ಒಂದು ಕೂಗು ಹಾಕಿದ್ರು, ಮುಟ್ಟಬೇಡ ಅಂತ. ಫ್ಯಾನಿಂದ ನೀರು ಸುರೀತಿರೋ ರೂಮಲ್ಲಿ ಸ್ವಿಚ್ ಮುಟ್ಟೋದು ಅಂದ್ರೆ ಚಿತ್ರ ಅಲ್ಲ ನಾನೇ ಗೋಡೆ ಮೇಲೆ ಹಾರ ಹಾಕಿಸ್ಕೊಂಡು ನೇತಾಡ್ತಿದ್ದೆ. ಮೇನ್ ಆಫ್ ಮಾಡಿ ಮೊಬೈಲ್ ಟಾರ್ಚಲ್ಲಿ ನೋಡಿದ್ವಿ. ಯಜಮಾನ್ರು ಮೇಲೆ ಓಡಿ ಬಾಗಿಲು ಬಡಿದು ಮೋಟರ್ ನಿಲ್ಲಿಸಿದ್ರು, ಅಲ್ಲಿ ಏನೇನು ಮಾತಾಯ್ತು ಅನ್ನೋದು ಇಲ್ಲಿ ಬೇಡ.

ಪ್ಲಾಸ್ಟಿಕ್ ಕವರ್ ಇತ್ತಲ್ಲ, ಏನೂ ಆಗಿರಲ್ಲ ಅಂತ ಒಂದು ಕ್ಷಣ ಸಮಾಧಾನ ಆಗಿತ್ತು, ಆದ್ರೆ ಆ ಕವರ್ರೇ ಶತ್ರು ಆಗಿತ್ತು. ಕವರಿನ ಬಾಯಿ ಒಂದು ಕಡೆ ತೆರೆದೇ ಇರುತ್ತೆ, ನೀರು ಅಲ್ಲಿಂದ ಒಳಗೆ ಹೋಗಿದೆ, ಹೊರಗೆ ಬರೋಕೆ ದಾರಿ ಇಲ್ಲ. ಅದೂ ಎಲ್ಲಾ ಒಂದೇ ಥರ ನೆಂದಿಲ್ಲ. ಮೇಲಿದ್ದ ಕೆಲವು ಪೂರ್ತಿ ಮುಳುಗಿದ ಹಾಗೆ, ಮಧ್ಯದವು ಒಂದು ಮೂಲೆ ಮಾತ್ರ, ಕೆಳಗಿನವು ಅಂಚಿನಿಂದ ನಾಕು ಬೆರಳು ನೀರು ಎಳ್ಕೊಂಡಿವೆ. ಮೂರ್ನಾಲ್ಕಕ್ಕೆ ಮರೂನ್ ಕಲರ್ ಮೌಂಟ್ ಹಾಕಿಸಿದ್ದೆ, ಚೆನ್ನಾಗಿ ಕಾಣುತ್ತೆ ಅಂತ ಅಂಗಡಿಯವರೇ ಕೊಟ್ಟಿದ್ದು, ಆ ಬಣ್ಣ ಬಿಟ್ಟು ತೆಂಗಿನ ತೋಟದ ಆಕಾಶದ ತುದಿಗೆಲ್ಲಾ ಗುಲಾಬಿ ಹತ್ತಿತ್ತು.

ಮೊದಲು ಕವರ್‌ಗಳನ್ನ ಎಳೀದೆ ಬ್ಲೇಡಲ್ಲಿ ಎರಡೂ ಕಡೆ ಸೀಳಿ ಬಿಚ್ಚಿದ್ವಿ. ನೆಂದ ಕಾಗದಕ್ಕೆ ಬಲ ಇರಲ್ಲ, ಎಳೆದ್ರೆ ಮೂಲೆ ಕಿತ್ತು ಕೈಗೆ ಬರುತ್ತೆ, ಕಾರ್ಟ್ರಿಡ್ಜ್ ಹಾಳೇದು ಒಂದು ಹಂಗೇ ಬಂತು. ಕಾಟನ್ ಪೇಪರ್ ಮಾತ್ರ ಗಟ್ಟಿ, ನೆಂದ್ರೂ ಎರಡು ಕೈಲಿ ಕೆಳಗಿಂದ ಹಿಡಿದು ಎತ್ತಿದ್ರೆ ಏನೂ ಆಗಲ್ಲ. ಮೌಂಟ್ ಬೋರ್ಡ್‌ಗಳನ್ನ ಬೇರೆ ಮಾಡಿದ್ವಿ, ಹಿಂದೆ ಹಾಕಿದ್ದ ಮಾಸ್ಕಿಂಗ್ ಟೇಪ್ ನೀರಿಗೆ ತಾನಾಗೇ ಜಾರಿತು, ಅದೊಂದು ಉಪಕಾರ. ಆಮೇಲೆ ಹಾಲ್ ನೆಲದ ಮೇಲೆ ಅತ್ತೆಯ ಚಾಪೆ, ಅದರ ಮೇಲೆ ಬಿಳಿ ಪಂಚೆ ಹಾಸಿ ಒಂದೊಂದಾಗಿ ಮುಖ ಮೇಲೆ ಮಾಡಿ ಮಲಗಿಸಿದ್ವಿ. ಅತ್ತೆ ತಮ್ಮ ಹಳೇ ಕಾಟನ್ ಸೀರೆ ತಂದುಕೊಟ್ರು, ಬೇಡ ಬಣ್ಣ ಬಿಡುತ್ತೆ ಅಂದೆ, ಈ ಸೀರೆ ಮೂವತ್ತು ವರ್ಷದಿಂದ ಒಗೀತಿದೀನಿ ಇನ್ನೆಲ್ಲಿ ಬಣ್ಣ ಅಂತ ಅವರು, ಕೊನೆಗೆ ಪಂಚೇನೇ ಗೆದ್ದಿತು.

ಬೆಳಗಿನ ಜಾವಕ್ಕೆ ಕರೆಂಟು ಮತ್ತೆ ಹಾಕಿದಾಗ ಯಜಮಾನ್ರು ಮಾಡಿದ ಮೊದಲ ಕೆಲಸ ಹೇರ್ ಡ್ರೈಯರ್ ತಂದಿದ್ದು. ಯೂಟ್ಯೂಬಲ್ಲಿ ನೋಡಿದ್ರಂತೆ. ಅವರದು ತಪ್ಪಲ್ಲ, ಯಾರಿಗಾದ್ರೂ ಹಂಗೇ ಅನ್ಸುತ್ತೆ, ನೆಂದಿದೆ ಅಂದ್ಮೇಲೆ ಒಣಗಿಸಬೇಕು, ಬೇಗ ಒಣಗಿದಷ್ಟೂ ಒಳ್ಳೇದು. ನನಗೆ ಮಾತ್ರ ಅಷ್ಟು ಹೊತ್ತಿಗೆ ಬೇರೇನೋ ಕಾಣಿಸ್ತಿತ್ತು. ಪೂರ್ತಿ ನೆಂದಿದ್ದವು ಸುಮ್ಮನೆ ಮಂಕಾಗಿ ಮಲಗಿದ್ವು, ಬಣ್ಣ ಎಲ್ಲಿತ್ತೋ ಅಲ್ಲೇ ಹೆಚ್ಚೂ ಕಮ್ಮಿ ಇತ್ತು. ಅರ್ಧ ನೆಂದಿದ್ದವು ಇದ್ವಲ್ಲ, ಅವುಗಳಲ್ಲಿ ಒದ್ದೆ ಎಲ್ಲಿ ಮುಗಿಯುತ್ತೋ ಸರಿಯಾಗಿ ಅಲ್ಲಿ ಒಂದು ಕಂದು ಗೆರೆ ಮೂಡ್ತಿತ್ತು, ಗಂಟೆ ಗಂಟೆಗೂ ಸ್ವಲ್ಪ ಸ್ವಲ್ಪ ಗಾಢ ಆಗ್ತಾ.

ಬೆಳಿಗ್ಗೆ ಆರಕ್ಕೆ ಕಾಲೇಜಿನ ಸೀನಿಯರ್ ಒಬ್ಬರಿಗೆ ಫೋನ್ ಹಚ್ಚಿದೆ, ಅವರು ಹಳೇ ಕಾಗದ ಪತ್ರ ಚಿತ್ರ ರಿಪೇರಿ ಮಾಡೋ ಕನ್ಸರ್ವೇಶನ್ ಕೆಲಸ ಕಲಿತೋರು. ಅತ್ತುಕೊಂಡು ಹೇಳಿದ್ದನ್ನೆಲ್ಲಾ ಕೇಳಿ ಅವರು ಕೇಳಿದ ಮೊದಲ ಪ್ರಶ್ನೆ, ಅರ್ಧ ನೆಂದಿರೋದು ಇನ್ನೂ ಒದ್ದೆ ಇದೆಯಾ ಒಣಗಿಹೋಯ್ತಾ. ಇನ್ನೂ ಒದ್ದೆ ಇದೆ ಅಂದೆ. ಹಾಗಾದ್ರೆ ಒಣಗೋಕೆ ಬಿಡಬೇಡ, ಪೂರ್ತಿ ನೆನೆಸು ಅಂದ್ರು. ನಾನು ಫೋನ್ ಕಿವಿಯಿಂದ ತೆಗೆದು ಒಂದ್ಸಲ ನೋಡಿ ಮತ್ತೆ ಇಟ್ಕೊಂಡೆ.

ಅವರು ವಿವರಿಸಿದ್ದು ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಕಾಗದದಲ್ಲಿ ಕಣ್ಣಿಗೆ ಕಾಣದ ಕೊಳೆ ಇರುತ್ತೆ, ಧೂಳು, ಹಳೇದಾದ ಸೈಜಿಂಗು (ನೀರು ಬೇಗ ಹೀರದ ಹಾಗೆ ಕಾಗದಕ್ಕೆ ಹಾಕೋ ಅಂಟು), ಕಾಗದ ತಾನೇ ಸವೆದು ಆಗೋ ಹಳದಿ ಪದಾರ್ಥ. ನೀರು ಒಂದು ಮೂಲೇಲಿ ಬಿದ್ರೆ ಅದು ಒಣ ಕಡೆಗೆ ಹರೀತಾ ಹೋಗುತ್ತೆ, ಹೋಗ್ತಾ ಹೋಗ್ತಾ ಇದನ್ನೆಲ್ಲಾ ಹೊತ್ತುಕೊಂಡು ಹೋಗಿ ಎಲ್ಲಿ ನಿಲ್ಲುತ್ತೋ ಅಲ್ಲಿ ಗುಡ್ಡೆ ಹಾಕುತ್ತೆ. ಆ ಗುಡ್ಡೇನೇ ಕಂದು ಗೆರೆ. ಜೊತೆಗೆ ನಮ್ಮನೇ ನೀರು ಸ್ಲ್ಯಾಬ್ ಒಳಗಿಂದ ಇಳಿದು ಬಂದಿರೋದು, ಸಿಮೆಂಟಿನ ಸುಣ್ಣ, ಕಂಬಿಯ ತುಕ್ಕು ಎಲ್ಲಾ ಬೆರೆತಿದೆ. ಒಣಗಿ ಕೂತುಬಿಟ್ರೆ ಆ ಗೆರೆ ತೆಗೆಯೋದು ಬಹಳ ಕಷ್ಟ, ಡ್ರೈಯರ್ ಹಾಕಿದ್ರೆ ಇನ್ನೂ ಬೇಗ ಕೂರುತ್ತೆ. ಇಡೀ ಹಾಳೆ ಒಂದೇ ಸಮ ಒದ್ದೆ ಆದ್ರೆ ಒದ್ದೆ ಒಣ ಅನ್ನೋ ಗಡಿಯೇ ಇರಲ್ಲ, ಆಗ ಕೊಳೆ ನಿಲ್ಲೋಕೆ ಜಾಗ ಇಲ್ಲ, ಕೆಳಗೆ ಹೀರೋ ಕಾಗದ ಇಟ್ರೆ ನೀರಿನ ಜೊತೆ ಅದರೊಳಗೆ ಇಳಿಯುತ್ತೆ.

ಕೇಳೋಕೆ ಸರಿ. ಆದ್ರೆ ವಾಟರ್‌ಕಲರ್ ಅಂದ್ರೆ ಬಣ್ಣದ ಪುಡಿ ಮತ್ತು ಗಮ್ ಅರೇಬಿಕ್, ಅಂದ್ರೆ ಜಾಲಿ ಜಾತಿ ಮರದ ಗೋಂದು. ಆ ಗೋಂದು ಎಷ್ಟು ವರ್ಷ ಆದ್ರೂ ನೀರು ತಾಗಿದ ತಕ್ಷಣ ಮತ್ತೆ ಕರಗೋಕೆ ರೆಡಿ, ಅಕ್ರಿಲಿಕ್ ಥರ ಒಣಗಿದ ಮೇಲೆ ಪ್ಲಾಸ್ಟಿಕ್ ಆಗಿ ಕೂರಲ್ಲ. ಚೆನ್ನಾಗಿರೋ ಮುಕ್ಕಾಲು ಭಾಗದ ಮೇಲೆ ನಾನಾಗೇ ನೀರು ಹಾಕಬೇಕು ಅಂದ್ರೆ ಕೈ ಬರಬೇಕಲ್ಲ. ಅದಕ್ಕೇ ಅವರು ಎರಡು ಷರತ್ತು ಹಾಕಿದ್ರು. ಮೊದಲು ಪ್ರತೀ ಚಿತ್ರದ ಒಂದೊಂದು ಬಣ್ಣಾನೂ ಇಯರ್ ಬಡ್ ಒದ್ದೆ ಮಾಡಿ ಮೂಲೇಲಿ ಒತ್ತಿ ನೋಡು, ಉಜ್ಜಬೇಡ, ಇಯರ್ ಬಡ್ಡಿನ ತುದಿಗೆ ಬಣ್ಣ ಹತ್ತಿದ್ರೆ ಆ ಚಿತ್ರಾನ ಬೇರೆ ಇಡು. ಎರಡನೇದು, ಮುಂದಿನಿಂದ ನೀರು ಬೇಡ, ಹಿಂಬದಿಯಿಂದ ಮಂಜಿನ ಹಾಗೆ ಸ್ಪ್ರೇ, ನಲ್ಲಿ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ವಾಟರ್.

ಶನಿವಾರ ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಎಲ್ಲಿ ತರೋದು. ಮೆಡಿಕಲ್ ಶಾಪಲ್ಲಿ ಇಂಜೆಕ್ಷನ್‌ಗೆ ಹಾಕೋ ಸಣ್ಣ ಸಣ್ಣ ಆಂಪೂಲ್ ತೋರಿಸಿದ್ರು, ಅದು ಒಂದು ಮೂಲೆಗೂ ಸಾಲಲ್ಲ. ಆಗ ನಮ್ಮ ಯಜಮಾನ್ರಿಗೆ ಹೊಳೀತು ನೋಡಿ, ಹೇರ್ ಡ್ರೈಯರ್ ವಿಷಯದಲ್ಲಿ ಹೋಗಿದ್ದ ಮರ್ಯಾದೆ ವಾಪಸ್ ತಗೊಂಡ್ರು, ಬ್ಯಾಟರಿ ವಾಟರ್! ಇನ್ವರ್ಟರ್‌ಗೆ ಹಾಕ್ತೀವಲ್ಲ ಅದೇ, ಖನಿಜ ಎಲ್ಲಾ ತೆಗೆದಿರೋ ನೀರು. ಬಿ.ಎಚ್. ರಸ್ತೆಯ ಒಂದು ಬ್ಯಾಟರಿ ಅಂಗಡಿ ಬಾಗಿಲು ತೆಗೆಯೋದನ್ನೇ ಕಾದು ಕ್ಯಾನ್‌ಗಟ್ಟಲೆ ತಂದ್ರು, ಅಂಗಡಿಯವನು ಎಷ್ಟು ಬ್ಯಾಟರಿ ಸಾರ್ ಅಂತ ಕೇಳಿದ್ನಂತೆ. ಸೀಲ್ ಇರೋದು ತಗೊಳ್ಳಿ ಅಂತ ಹೇಳಿ ಕಳಿಸಿದ್ದೆ, ಲೂಸ್‌ನಲ್ಲಿ ಕೊಡೋದರಲ್ಲಿ ಆಸಿಡ್ ಬೆರೆತಿದ್ರೆ ಕಥೆ ಮುಗೀತು. ಬ್ಲಾಟಿಂಗ್ ಪೇಪರ್ ಊರಿನ ಪುಸ್ತಕದಂಗಡಿಗಳಲ್ಲಿ ಇದ್ದಷ್ಟನ್ನೂ ಬಾಚಿದೆ, ಅದೂ ಸಾಲಲಿಲ್ಲ. ನ್ಯೂಸ್‌ಪೇಪರ್ ಇಡೋ ಹಾಗಿಲ್ಲ, ಒದ್ದೆಗೆ ಅದರ ಇಂಕು ಹತ್ತುತ್ತೆ. ಕೊನೆಗೆ ಪರಿಚಯದ ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ರೀಲ್ ಮುಗಿಯೋ ಹೊತ್ತಿಗೆ ಉಳಿಯೋ ಖಾಲಿ ನ್ಯೂಸ್‌ಪ್ರಿಂಟ್ ಸುರುಳಿ ಸಿಕ್ತು, ದುಡ್ಡೂ ತಗೊಳ್ಳಲಿಲ್ಲ ಪುಣ್ಯಾತ್ಮರು.

ಇಯರ್ ಬಡ್ ಪರೀಕ್ಷೆ ನನಗೇ ಒಂದು ಪಾಠ ಆಯ್ತು, ಇಷ್ಟು ವರ್ಷ ಅದೇ ಬಣ್ಣಗಳನ್ನ ಬಳಸಿ ಇದನ್ನ ಇಷ್ಟು ಹತ್ರದಿಂದ ನೋಡಿರಲಿಲ್ಲ. ಥ್ಯಾಲೋ ಬ್ಲೂ ಕಾಗದದ ನಾರಿಗೇ ಹಿಡಿದು ಕೂತಿತ್ತು, ಎಷ್ಟು ಒತ್ತಿದ್ರೂ ಬಡ್ಡು ಬಿಳೀನೇ. ಅಲ್ಟ್ರಾಮರೀನ್ ನೀಲಿ ಮತ್ತೆ ಮಣ್ಣಿನ ಬಣ್ಣಗಳು, ಅಂದ್ರೆ ನಾನು ಮಧುಗಿರಿ ಬಂಡೆಗೆಲ್ಲಾ ಧಾರಾಳವಾಗಿ ಸುರಿದಿದ್ದ ಬರ್ನ್ಟ್ ಸಿಯೆನಾ, ಅಂಬರ್, ಇವು ಮೇಲ್ಮೇಲೆ ಕಾಳು ಕಾಳಾಗಿ ಕೂರೋ ಜಾತಿ, ಬಡ್ಡು ಮುಟ್ಟಿಸಿದ ಕೂಡ್ಲೇ ಬಂದುಬಿಟ್ವು. ಗೆರೆಗಳ ವಿಷಯಕ್ಕೆ ಬಂದ್ರೆ ಇಂಡಿಯನ್ ಇಂಕಲ್ಲಿ ಬರೆದವು ಕಲ್ಲಿನ ಮೇಲೆ ಕೆತ್ತಿದ ಹಾಗಿದ್ವು, ಅದರಲ್ಲಿ ಅರಗು ಇರೋದ್ರಿಂದ ಒಣಗಿದ ಮೇಲೆ ನೀರಿಗೆ ಜಗ್ಗಲ್ಲ.

ಕೈದಾಳದ ಚಿತ್ರ ಮಾತ್ರ ಅಲ್ಲೇ ಗುಡಿ ಮುಂದೆ ಕೂತು ಜೇಬಲ್ಲಿದ್ದ ಫೌಂಟನ್ ಪೆನ್ನಲ್ಲಿ ಸ್ಕೆಚ್ ಮಾಡಿ ಆಮೇಲೆ ಬಣ್ಣ ತುಂಬಿದ್ದು. ಮಾಮೂಲಿ ಫೌಂಟನ್ ಪೆನ್ ಇಂಕು ಬರೀ ಡೈ, ಅಂದ್ರೆ ನೀರಲ್ಲಿ ಕರಗೋ ಬಣ್ಣ, ರಾತ್ರೀನೇ ಕರಗಿ ಗೋಪುರದಿಂದ ನೇರಳೆ ಇಳಿದು ಮುಂದಿನ ಮೆಟ್ಟಿಲಿನ ಮೇಲೆಲ್ಲಾ ಹರಿದಿತ್ತು. ಅದನ್ನ ಉಳಿಸೋ ಯಾವ ದಾರೀನೂ ಇಲ್ಲ ಅಂತ ಸೀನಿಯರ್ ಫೋಟೋ ನೋಡೇ ಹೇಳಿಬಿಟ್ರು. ಕೈದಾಳದ ಐತಿಹ್ಯ ನಿಮಗೆ ಗೊತ್ತಿರಬಹುದು, ಬೇಲೂರಲ್ಲಿ ಜಕಣಾಚಾರಿ ಕೆತ್ತಿದ ವಿಗ್ರಹಕ್ಕೆ ಡಂಕಣ ಅನ್ನೋ ಯುವ ಶಿಲ್ಪಿ ಗಂಧ ಬಳಿದಾಗ ಎಲ್ಲಾ ಕಡೆ ಒಣಗಿ ಒಂದು ಜಾಗ ಮಾತ್ರ ಒದ್ದೆ ಉಳೀತಂತೆ, ಅಲ್ಲಿ ಒಡೆದು ನೋಡಿದ್ರೆ ಒಳಗೆ ನೀರು, ಮರಳು, ಕಪ್ಪೆ. ದೋಷ ಸಿಕ್ಕಿದ್ರೆ ಕೈ ಕಡ್ಕೋತೀನಿ ಅಂದಿದ್ದ ಮಾತಿಗೆ ಕಟ್ಟುಬಿದ್ದು ಜಕಣಾಚಾರಿ ತನ್ನ ಕೈ ಕಡ್ಕೊಂಡ, ಆಮೇಲೆ ತನ್ನೂರಲ್ಲಿ ಚೆನ್ನಕೇಶವನ್ನ ನಿಲ್ಲಿಸಿದ ಮೇಲೆ ಆ ಕೈ ವಾಪಸ್ ಬಂತು, ಅದೇ ಕೈದಾಳ ಅಂತಾರೆ. ನನ್ನ ಕೈದಾಳ ವಾಪಸ್ ಬರಲಿಲ್ಲ. ಅದನ್ನ ಒಂದು ಕಡೆ ಇಟ್ಟು ಮುಂದಕ್ಕೆ ಹೋದೆ, ಅಳೋಕೆ ಟೈಮ್ ಇರಲಿಲ್ಲ ಅನ್ನೋದು ನಿಜ.

ಮೊದಲ ಪ್ರಯೋಗ ಅಮಾನಿಕೆರೆ ಚಿತ್ರದ ಮೇಲೆ. ಅದರಲ್ಲಿ ನೀಲಿ ಬಹುತೇಕ ಥ್ಯಾಲೋ, ಧೈರ್ಯ ಬಂತು, ಜೊತೆಗೆ ನಿಜ ಹೇಳಬೇಕು ಅಂದ್ರೆ ಅದು ನನಗೆ ಅಷ್ಟೇನೂ ಇಷ್ಟದ್ದೂ ಅಲ್ಲ. ಮುಖ ಕೆಳಗೆ ಮಾಡಿ ಬಟರ್ ಪೇಪರ್ ಮೇಲೆ ಮಲಗಿಸಿ, ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟಲನ್ನ ಚೆನ್ನಾಗಿ ತೊಳೆದು ಬ್ಯಾಟರಿ ವಾಟರ್ ತುಂಬಿ, ಮೇಲಿಂದ ದೂರದಲ್ಲಿ ಹಿಡಿದು ಹೊಡೆದೆ. ಹನಿ ಬೀಳಬಾರದು, ಬರೀ ಮಂಜು. ಕಾಟನ್ ಪೇಪರಿಗೆ ಸೈಜಿಂಗ್ ಇರುತ್ತಲ್ಲ, ಅದಕ್ಕೆ ನೀರು ತಕ್ಷಣ ಒಳಗೆ ಬಿಟ್ಕೊಳ್ಳಲ್ಲ, ಮಣಿ ಮಣಿಯಾಗಿ ಮೇಲೇ ನಿಲ್ಲುತ್ತೆ, ಹೊಡೆದು ಕಾದು, ಹೊಡೆದು ಕಾದು ಮಾಡಬೇಕು. ಒಣ ಇದ್ದ ಕಡೆ ಜಾಸ್ತಿ, ಒದ್ದೆ ಇದ್ದ ಕಡೆ ಇಲ್ಲವೇ ಇಲ್ಲ. ಸುಮಾರು ಹೊತ್ತಾದ ಮೇಲೆ ಕಾಗದ ಮೆಲ್ಲಗೆ ಸಡಿಲ ಆಗಿ ಎಲ್ಲಾ ಕಡೆ ಒಂದೇ ಬಣ್ಣಕ್ಕೆ ತಿರುಗಿತು, ಅಲ್ಲಿವರೆಗೂ ಅಲೆ ಅಲೆಯಾಗಿ ಎದ್ದಿದ್ದ ಮೂಲೆ ತಾನಾಗೇ ಮಲಗಿತು. ಚಿತ್ರ ಬರೆಯೋ ಮುಂಚೆ ಹಾಳೇನ ನೆನೆಸಿ ಬೋರ್ಡಿಗೆ ಎಳೆದು ಕಟ್ತೀವಲ್ಲ, ಥೇಟ್ ಆ ಸ್ಥಿತಿ. ಈ ಕಾಗದಕ್ಕೆ ನೀರು ಹೊಸದಲ್ಲ ಅಂತ ಆಗ ಅನ್ನಿಸ್ತು ನೋಡಿ, ಅಲ್ಲಿಂದ ಕೈ ನಡುಕ ನಿಂತಿತು.

ಆಮೇಲೆ ಮುಖ ಮೇಲೆ ಮಾಡಿ ಬ್ಲಾಟಿಂಗ್ ಹಾಳೆ ಮೇಲೆ ಇಟ್ಟೆ. ಗೆರೆ ಇರೋ ಜಾಗದ ಅಡಿಗೆ ಇನ್ನೊಂದು ತುಂಡು ಬ್ಲಾಟಿಂಗ್. ಏನೂ ಕಾಣಲಿಲ್ಲ ಮೊದಲು. ಎತ್ತಿ ನೋಡ್ತೀನಿ, ಕೆಳಗಿನ ಬ್ಲಾಟಿಂಗ್ ಮೇಲೆ ಟೀ ಚೆಲ್ಲಿದ ಬಣ್ಣ! ಕೊಳೆ ಕೆಳಗೆ ಇಳೀತಿತ್ತು. ಹಾಳೆ ಬದಲಾಯಿಸಿ ಮತ್ತೆ ಸ್ವಲ್ಪ ಮಂಜು, ಮತ್ತೆ ಬದಲಾಯಿಸಿ, ಹೀಗೆ ಕಲೆ ಇಳಿಯೋದು ನಿಲ್ಲೋವರೆಗೂ. ಮೇಲೆ ಕೆರೆ ನೀರಿನ ಮಧ್ಯೆ ಎದ್ದು ಕಾಣ್ತಿದ್ದ ಕಂದು ಗೆರೆ ಹುಡುಕಿದ್ರೆ ಮಾತ್ರ ಕಾಣೋ ಹಾಗಾಯ್ತು. ಅತ್ತೆ ಬಂದು ಬಗ್ಗಿ ನೋಡಿ, ಹೋಯ್ತಲ್ಲೇ, ಇನ್ನೊಂದಕ್ಕೂ ಮಾಡು ಅಂದ್ರು.

ಎಲ್ಲಾ ಅಷ್ಟು ಸಲೀಸಾಗಿ ಆಗಲಿಲ್ಲ. ಮಧುಗಿರಿ ಬೆಟ್ಟಕ್ಕೆ ಪೂರ್ತಿ ನೆನೆಸೋದು ಆಗದ ಮಾತು, ಬಂಡೆಯೇ ಕರಗಿ ಕೆಳಗೆ ಬರ್ತಿತ್ತು. ಅದಕ್ಕೆ ಸೀನಿಯರ್ ಬೇರೆ ದಾರಿ ಹೇಳಿದ್ರು, ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಹಾಳೆ ಮೇಲೆ ಚಿತ್ರಾನ ಹಾಗೇ ಮಲಗಿಸಿ ಮೇಲೆ ಪ್ಲಾಸ್ಟಿಕ್ ಟಬ್ ಬೋರಲು ಹಾಕು, ನೀರು ಹಾಕಬೇಡ, ಬರೀ ತೇವ ಹಿಂದಿನಿಂದ ಏರಲಿ. ಅದು ನಿಧಾನ, ಮಧ್ಯಾಹ್ನ ಊಟದವರೆಗೂ ತಗೊಂತು, ಗೆರೆ ಅರ್ಧಕ್ಕರ್ಧ ಮಾತ್ರ ಹೋಯ್ತು, ಬಂಡೆ ಉಳೀತು. ಕಾರ್ಟ್ರಿಡ್ಜ್ ಹಾಳೇದು ಬಹುತೇಕ ಎಲ್ಲಾ ಹೋದ್ವು ಅಂತಲೇ ಹೇಳಬೇಕು, ಮರದ ತಿರುಳಿನ ಕಾಗದ, ಅದರಲ್ಲಿ ಹಳದಿ ಪದಾರ್ಥ ಜಾಸ್ತಿ, ಎಷ್ಟು ತೆಗೆದ್ರೂ ಬರ್ತಾನೇ ಇತ್ತು, ಮೇಲಿನ ಪದರ ಎದ್ದು ನಾರು ನಾರಾಯ್ತು. ಆರಂಭದಲ್ಲೇ ಅವನ್ನ ಬಿಟ್ಟಿದ್ರೆ ಎರಡು ಗಂಟೆ ಉಳೀತಿತ್ತೇನೋ, ಆದ್ರೆ ಚಿಕ್ಕ ಚಿತ್ರಗಳೇ ಸಂತೇಲಿ ಜಾಸ್ತಿ ಹೋಗೋದು, ಆಸೆ ಬಿಡಲಿಲ್ಲ.

ಒಣಗಿಸೋದಕ್ಕೆ ಜನವರಿ ಒಳ್ಳೇ ಕಾಲ, ನಮ್ಮ ಬಯಲುಸೀಮೆ ಒಣ ಗಾಳಿ. ಇದೇ ಆಗಸ್ಟಲ್ಲಿ ಆಗಿದ್ರೆ ಬೂಷ್ಟು ಹಿಡೀತಿತ್ತು, ನೆಂದ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಶುರು ಆಗಬಹುದಂತೆ. ಟೆರೇಸ್ ಮೇಲೆ ನೆರಳಲ್ಲಿ, ತರಕಾರಿ ಕ್ರೇಟುಗಳನ್ನ ಬೋರಲು ಹಾಕಿ ಮೇಲೆ ಸೊಳ್ಳೆ ಮೆಶ್ ಹಾಸಿ, ಅದರ ಮೇಲೆ ಚಿತ್ರ. ಕೆಳಗಿಂದಾನೂ ಗಾಳಿ ಆಡಬೇಕು, ಒಂದೇ ಕಡೆ ಒಣಗಿದ್ರೆ ಹಪ್ಪಳದ ಥರ ಸುತ್ಕೊಳ್ಳುತ್ತೆ. ಬಿಸಿಲಿಗೆ ಇಡು ಬೇಗ ಆಗುತ್ತೆ ಅಂತ ಮೇಲಿನ ಮನೆಯವರು ಸಲಹೆ ಕೊಟ್ರು, ಕೊಟ್ಟೋರು ಯಾರು ಅನ್ನೋದೇ ನನಗೆ ಸಾಕಾಗಿತ್ತು, ಉತ್ತರ ಕೊಡಲಿಲ್ಲ. ಆದ್ರೆ ಹೇಳಲೇಬೇಕು, ಮಧ್ಯಾಹ್ನ ಆ ಮನೆಯ ಕಾಲೇಜು ಹುಡುಗಿ ಬಂದು ಸಂಜೆವರೆಗೂ ನನ್ನ ಜೊತೆ ಬ್ಲಾಟಿಂಗ್ ಹಾಳೆ ಬದಲಾಯಿಸ್ತಾ ಕೂತಿದ್ಲು, ಒಂದು ಮಾತೂ ಆಡದೆ.

ಮೇಲಿನ ಮಿಂಚು ಹೋಗಿ ಕೈಗೆ ತಣ್ಣಗೆ ಮಾತ್ರ ಹತ್ತೋ ಹೊತ್ತಿಗೆ ತೆಗೆದು ಒತ್ತೋಕೆ ಹಾಕಬೇಕು. ಒದ್ದೆ ಇದ್ದಾಗ್ಲೇ ಒತ್ತಿದ್ರೆ ಬಣ್ಣ ಮೇಲಿನ ಹಾಳೆಗೆ ಅಂಟುತ್ತೆ, ಪೂರ್ತಿ ಒಣಗಿದ ಮೇಲೆ ಒತ್ತಿದ್ರೆ ಅಲೆ ಹೋಗಲ್ಲ. ಮುಖದ ಕಡೆ ಬಟರ್ ಪೇಪರು, ಎರಡೂ ಕಡೆ ನ್ಯೂಸ್‌ಪ್ರಿಂಟು, ಮೇಲೊಂದು ಪ್ಲೈವುಡ್ಡು, ಅದರ ಮೇಲೆ ಅಡುಗೆಮನೆ ಕೆಲಸದಲ್ಲಿ ಉಳಿದಿದ್ದ ಕಡಪ ಕಲ್ಲಿನ ಹಲಗೆ. ಸೀನಿಯರ್ ಲೆಕ್ಕದಲ್ಲಿ ಇದು ಕೊನೇಪಕ್ಷ ಒಂದು ವಾರ ಹಂಗೇ ಇರಬೇಕು, ನನಗಿದ್ದಿದ್ದು ಒಂದು ಸಂಜೆ, ಅರ್ಧ ರಾತ್ರಿ. ಹಾಗಾಗಿ ಕೆಲವಕ್ಕೆ ಹಿಂದಿನಿಂದ ಬಟ್ಟೆ ಹಾಕಿ ಕಮ್ಮಿ ಬಿಸೀಲಿ ಇಸ್ತ್ರಿ ಪೆಟ್ಟಿಗೇನೂ ಆಡಿಸಿದೆ, ಇದನ್ನ ಕನ್ಸರ್ವೇಶನ್‌ನವರು ಓದಿದ್ರೆ ಬೈತಾರೆ, ಬೈಲಿ, ಅವರ ಬಸ್ಸು ಬೆಳಿಗ್ಗೆ ನಾಲ್ಕೂವರೆಗೆ ಇರಲಿಲ್ಲ.

ಒತ್ತೋಕೆ ಹಾಕಿದ ಕೆಲವನ್ನ ಹೊರಗೆ ತೆಗೆದು ರಾತ್ರಿ ಕೂತು ಟಚಪ್ ಮಾಡಿದೆ. ಇಲ್ಲಿ ಆಸೆಬುರುಕತನ ಮಾಡಬಾರದು. ಗೆರೆ ಕಾಣ್ತಿದೆ ಅಂತ ಮೇಲೆ ಗಾಢ ಬಣ್ಣ ಹಾಕಿದ್ರೆ ಗೆರೆ ಹೋಗಲ್ಲ, ಗೆರೆಗೊಂದು ನೆರಳು ಸೇರುತ್ತೆ ಅಷ್ಟೇ. ಸಣ್ಣ ಗಟ್ಟಿ ಬ್ರಷ್ ಒದ್ದೆ ಮಾಡಿ ಗೆರೆಯ ಅಂಚನ್ನ ಮಾತ್ರ ಮೆತ್ತಗೆ ಸಡಿಲಿಸಿ ಟಿಶ್ಯೂಲಿ ಒತ್ತಿ ತೆಗೆದು, ಒಣಗಿದ ಮೇಲೆ ಸುತ್ತಲಿನ ಬಣ್ಣದ್ದೇ ತೆಳು ಪದರ. ದರ್ಗಾ ಚಿತ್ರದ ಆಕಾಶಕ್ಕೆ ಇದು ಚೆನ್ನಾಗಿ ಒಪ್ಪಿತು. ತೆಂಗಿನ ತೋಟಕ್ಕೆ ಮೌಂಟಿಂದ ಹತ್ತಿದ್ದ ಗುಲಾಬಿ ಬಗ್ಗಲೇ ಇಲ್ಲ, ಡೈ ಅಲ್ವಾ, ಅಲ್ಲಿ ಬ್ರಷ್ಷಲ್ಲ, ಕಟರ್ರೇ ಗತಿ, ಅಗಲ ಅಂಚಿನ ಬಿಳಿ ಮೌಂಟ್ ಕತ್ತರಿಸಿ ಗುಲಾಬಿ ಭಾಗ ಒಳಗೆ ಸೇರಿಸಿಬಿಟ್ಟೆ. ಅಂಟಿಸೋಕೆ ಟೇಪ್ ಬಿಟ್ಟು ಮೈದಾ ಅಂಟು ಕಾಯಿಸಿಕೊಂಡೆ, ತೆಳು ಕಾಗದದ ಪಟ್ಟಿಗೆ ಹಚ್ಚಿ ಮೇಲ್ಗಡೆ ಎರಡೇ ಕಡೆ, ಯಾಕಂದ್ರೆ ಇವನ್ನ ಆಮೇಲೆ ಬಿಚ್ಚಿ ಮತ್ತೆ ಸರಿಯಾಗಿ ಒತ್ತಬೇಕಿತ್ತು. ಅಷ್ಟು ಬೋರ್ಡ್ ಮನೇಲಿ ಇರಲಿಲ್ಲ, ಕೆಲವು ಬೆತ್ತಲೆಯಾಗೇ ಹೋದ್ವು, ಕವರ್ ಯಾವುದಕ್ಕೂ ಹಾಕಲಿಲ್ಲ, ಒಳಗೆ ತೇವ ಉಳಿದಿದ್ರೆ ಬೆವರುತ್ತೆ ಅಂತ.

ನಾಲ್ಕೂವರೆ ಬಸ್ಸಿಗೆ ನಾನು, ಯಜಮಾನ್ರು, ಎರಡು ಪೋರ್ಟ್‌ಫೋಲಿಯೋ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂಗಡಿ ಇನ್ನೂ ತೆಗೆದಿರಲಿಲ್ಲ, ಡಾಬಸ್‌ಪೇಟೆ ದಾಟೋಕೆ ಮುಂಚೆ ನನಗೆ ನಿದ್ದೆ, ಎಚ್ಚರ ಆದಾಗ ಮೆಜೆಸ್ಟಿಕ್.

ಕುಮಾರಕೃಪಾ ರಸ್ತೇಲಿ ಹತ್ತು ಗಂಟೆ ಬಿಸಿಲಿಗೆ ಮೌಂಟ್ ಇಲ್ಲದ ಚಿತ್ರಗಳ ಅಂಚು ಏಳೋಕೆ ಶುರು ಆಯ್ತು, ಒಳಗೆ ಇನ್ನೂ ತೇವ ಇತ್ತಲ್ಲ. ಪಕ್ಕದ ಸ್ಟಾಲಿನ ಮೈಸೂರಿನ ಹುಡುಗ ತನ್ನ ಬುಲ್‌ಡಾಗ್ ಕ್ಲಿಪ್ಪುಗಳನ್ನ ಅರ್ಧ ಕೊಟ್ಟ, ಕೆಳಗಿನ ಎರಡ್ಮೂರು ಚಿತ್ರಕ್ಕೆ ಕ್ಲಿಪ್ ಹಾಕಿ ಭಾರ ನೇತುಹಾಕಿದ್ವಿ. ಬಂದೋರಿಗೆಲ್ಲಾ ನಾನು ಹೇಳಿಬಿಡ್ತಿದ್ದೆ, ಇದು ನೀರು ಬಿದ್ದು ಉಳಿಸಿದ್ದು, ಇಲ್ಲಿ ಗೆರೆ ಇದೆ ನೋಡಿ ಅಂತ. ಯಜಮಾನ್ರು ಕಾಲು ತುಳಿದು ತುಳಿದು ಸಾಕಾದ್ರು, ಕೇಳದೋರಿಗೆ ಯಾಕೆ ಹೇಳ್ತೀಯ ಅಂತ. ದುಡ್ಡು ಕೊಟ್ಟು ಗೋಡೆಗೆ ಹಾಕ್ಕೊಳ್ಳೋರಿಗೆ ಏನು ತಗೋತಿದೀವಿ ಅಂತ ಗೊತ್ತಿರಬೇಕು ಅನ್ನೋದು ನನ್ನ ಹಠ, ಹಿಂಬದೀಲೂ ಪೆನ್ಸಿಲಲ್ಲಿ ಬರೆದಿದ್ದೆ.

ಇದರಿಂದ ಎರಡು ಥರದ ಜನ ಸಿಕ್ಕಿದ್ರು. ಒಂದು ಥರದವರು, ಅಯ್ಯೋ ಮೇಡಂ ಈ ಗೆರೆಯೇ ಚೆನ್ನಾಗಿದೆ, ನ್ಯಾಚುರಲ್ ಎಫೆಕ್ಟ್, ನೀರೇ ಚಿತ್ರ ಬರೆದ ಹಾಗಿದೆ ಅನ್ನೋರು. ನನಗೆ ಮೈಯೆಲ್ಲಾ ಉರೀತಿತ್ತು. ಆ ಆಕಾಶದ ತಿಳಿ ವಾಶ್, ಅಂದ್ರೆ ನೀರಾದ ಬಣ್ಣದ ತೆಳು ಪದರ, ಬರಬೇಕು ಅಂತ ಎಷ್ಟು ಹಾಳೆ ಹಾಳು ಮಾಡಿದೀನಿ ಅಂತ ನನಗೆ ಗೊತ್ತು, ಅದರ ಮೇಲೆ ಸಂಪಿನ ನೀರು ಹಾಕಿದ ಗೆರೆ ಎಫೆಕ್ಟ್ ಅಂತೆ. ಅದು ಕಲೆ ಅಲ್ಲ, ಬರೀ ಕಲೆ, ಒಗೆದ್ರೆ ಹೋಗಬೇಕಾದ್ದು. ಇನ್ನೊಂದು ಥರದವರು ವ್ಯವಹಾರಸ್ಥರು. ದರ್ಗಾ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದ ಒಬ್ಬರು ತಾವೂ ಶಿರಾ ಕಡೆಯವರೇ, ಅಜ್ಜಿ ಮನೆ ಅಲ್ಲೇ ಹತ್ರ ಅಂತೆಲ್ಲಾ ಕಣ್ಣಲ್ಲಿ ನೀರು ತುಂಬ್ಕೊಂಡು ಹೇಳಿದ್ರು, ನಾನು ಗೆರೆ ತೋರಿಸಿದ ತಕ್ಷಣ ಕಣ್ಣೊರೆಸಿಕೊಂಡು, ಹಾಗಾದ್ರೆ ಒಂದು ಸಾವಿರ ಕಮ್ಮಿ ಮಾಡ್ಕೊಳ್ಳಿ ಅಂದ್ರು. ಐನೂರು ಕಮ್ಮಿ ಮಾಡೋದಕ್ಕೆ ಒಪ್ಪಂದ ಆಯ್ತು. ಮೌಂಟ್ ಬೋರ್ಡು ಸರಿಯಾಗಿ ಒಣಗಿದ ಮೇಲೇ ಗ್ಲಾಸ್ ಹಾಕಿಸಿ, ಗ್ಲಾಸು ಚಿತ್ರಕ್ಕೆ ತಾಗದ ಹಾಗೆ ಫ್ರೇಮ್ ಮಾಡಿಸಿ ಅಂತ ಹೇಳಿ ಕಳಿಸಿದೆ. ಅಮಾನಿಕೆರೆ, ಯಾವುದರ ಮೇಲೆ ಧೈರ್ಯ ಮಾಡಿ ಮೊದಲು ನೀರು ಹೊಡೆದಿದ್ನೋ ಅದು, ಹೇಳಿದ ಬೆಲೆಗೇ ಹೋಯ್ತು. ಒಟ್ಟಾರೆ ವ್ಯಾಪಾರ ಹಿಂದಿನ ವರ್ಷದಷ್ಟು ಆಗಲಿಲ್ಲ, ಚಿಕ್ಕ ಚಿತ್ರಗಳಿಲ್ಲದ ಹೊಡೆತ ಅದು.

ಮನೆಗೆ ಬಂದ ಮೇಲೆ ಉಳಿದವನ್ನ ಬಿಚ್ಚಿ ಮತ್ತೆ ಕಲ್ಲಿನ ಕೆಳಗೆ ಹಾಕಿದೆ, ಈ ಸಲ ತಿಂಗಳುಗಟ್ಟಲೆ ಬಿಟ್ಟೆ, ಚೆನ್ನಾಗಿ ಸಮ ಆದ್ವು. ಹಳೇ ಮೌಂಟ್ ಬೋರ್ಡುಗಳ ಹಿಂದೆ ಬೂಷ್ಟಿನ ಚುಕ್ಕೆ ಬಂದಿತ್ತು, ಅವನ್ನೆಲ್ಲಾ ಎಸೆದೆ. ಮೇಲಿನವರು ಟ್ಯಾಂಕ್ ತುಂಬಿದ್ರೆ ಮೋಟರ್ ತಾನಾಗೇ ನಿಲ್ಲೋ ಸೆನ್ಸರ್ ಹಾಕಿಸಿದಾರೆ. ಮಧುಗಿರಿ ಬೆಟ್ಟದ ಗೆರೆ ಮಾತ್ರ ಮಳೆಗಾಲ ಕಳೆಯೋಷ್ಟರಲ್ಲಿ ಮತ್ತೆ ಸ್ವಲ್ಪ ಎದ್ದು ಕಾಣೋಕೆ ಶುರು ಆಗಿದೆ, ಅರ್ಧ ಕೊಳೆ ಅಲ್ಲೇ ಉಳಿದಿತ್ತಲ್ಲ. ಸೀನಿಯರ್ ಒಂದ್ಸಲ ತಗೊಂಡು ಬಾ, ಇಬ್ಬರೂ ಕೂತು ಮಾಡೋಣ ಅಂದಿದಾರೆ. ಬ್ಯಾಟರಿ ವಾಟರ್ ನಾನೇ ತರ್ತೀನಿ ಅಂತ ಹೇಳಿದೀನಿ, ದಸರಾ ರಜದ ಕ್ಲಾಸುಗಳು ಮುಗಿದ ಮೇಲೆ ಹೋಗಬೇಕು.